ಹಳೆ ಗಾಡಿಗೆ ಯಾವ ಆಯಿಲ್? ಫರ್ಸಿ ಮೇಲಿನ ಕರಿ ಕಲೆಯ ಇತಿಹಾಸ

ಭಾಗ 1/10: ಕೆಂಪು ದೀಪ

ಮೊದಲ ಫೋಟೊ ನೋಡ್ರಿ. ಶಹಾಬಾದ್ ಫರ್ಸಿ ಮೇಲೆ ಅಂಗೈಯಷ್ಟು ಕರಿ ಕಲೆ. ಅದು ನಮ್ಮ ಮನೆ ಅಂಗಳ. ಕಲೆ ಮಾಡಿದ್ದು ನಾನೇ.

ನಮ್ಮ ಮನೆಯಲ್ಲಿ 1998ರ ಬಿಳಿ ಮಾರುತಿ 800 ಅದ. ಮುತ್ಯಾ ತೊಗೊಂಡಿದ್ದು. ಮುತ್ಯಾ ಈಗ ಇಲ್ಲ, ಗಾಡಿ ಅದ. ಅಪ್ಪ ಮೊದಲಿನಿಂದ ಅದಕ್ಕೆ ಒಂದೇ ಆಯಿಲ್ ಹಾಕಿಸ್ತಾರೆ, ಸಾದಾ 20ಡಬ್ಲ್ಯೂ-40. ಹೋದ ದೀಪಾವಳಿ ಹೊತ್ತಿಗೆ ನನಗೆ ಮೊದಲ ಪಾರ್ಟ್‌ಟೈಮ್ ಸಂಬಳ ಬಂತು (ಬಿಲ್ ಎಂಟ್ರಿ ಮಾಡೋ ಕೆಲಸ, ಬಿಕಾಂ ಓದೋರಿಗೆ ಇನ್ನೇನು ಸಿಗ್ತದ). ರೀಲ್ಸ್ ನೋಡಿ ನೋಡಿ ಒಂದೇ ಮಾತು ತಲೆಯಲ್ಲಿ ಕೂತಿತ್ತು: ಫುಲ್ಲಿ ಸಿಂಥೆಟಿಕ್ ಹಾಕಿದರೆ ಹಳೆ ಇಂಜಿನ್ ಹೊಸದಾಗ್ತದ. ₹2,150 ಕೊಟ್ಟು 5ಡಬ್ಲ್ಯೂ-30 ತಂದೆ. ಅಪ್ಪ ಊರಲ್ಲಿ ಇಲ್ಲದ ದಿನ ನಾನೇ ಹಳೆ ಆಯಿಲ್ ಇಳಿಸಿ ಹೊಸದು ತುಂಬಿದೆ. ಸರ್ಪ್ರೈಸ್ ಕೊಡೋಣ ಅಂತ.

ಮೊದಲ ವಾರ ಗಾಡಿ ಬೆಣ್ಣೆಯಂಗ ಓಡಿತು. ಮೂರನೇ ವಾರ ಫರ್ಸಿ ಮೇಲೆ ಹನಿ ಕಂಡವು. ನಾನು ಯಾರಿಗೂ ಹೇಳಲಿಲ್ಲ. ಕಲೆಯ ಮೇಲೆ ಒಂದು ಗೋಣಿಚೀಲ ಹಾಸಿದೆ.

ಐದನೇ ವಾರ ಆಯಿಯನ್ನು (ಅಪ್ಪನ ಅವ್ವ) ಕಣ್ಣಿನ ಆಪರೇಷನ್‌ಗೆ ಕಲಬುರಗಿಗೆ ಕರಕೊಂಡು ಹೊರಟಿದ್ದೆವು. ದಂಡೋತಿ ಸೇತುವೆ ದಾಟಿ ಸ್ವಲ್ಪ ದೂರಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬಿ ಚಿತ್ರದ ಕೆಂಪು ದೀಪ ಹತ್ತಿತು. ಅಪ್ಪ ಅಲ್ಲೇ ಬದಿಗೆ ತೊಗೊಂಡು ಇಂಜಿನ್ ಆಫ್ ಮಾಡಿದರು. ಡಿಪ್‌ಸ್ಟಿಕ್ ಎಳೆದರೆ ಒಣಗಿದ ಕಡ್ಡಿ.

ಆಯಿ ಮತ್ತು ಅವ್ವನನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿದೆವು. ದವಾಖಾನೆ ಮುಟ್ಟೋದು ತಡವಾಯ್ತು, ಆಪರೇಷನ್ 12 ದಿನ ಮುಂದೆ ಹೋಯ್ತು.

ಸಿಂಥೆಟಿಕ್ ಆಯಿಲ್ ನಮ್ಮ ಗಾಡಿ ಕೆಡಿಸಿತೇನು? ಉತ್ತರ ಹುಡುಕುತ್ತ ಹೋದರೆ ಒಂದೂವರೆ ನೂರು ವರ್ಷ ಹಿಂದಕ್ಕೆ ಹೋದೆ. ನಾಗಾವಿ ಘಟಿಕಾಸ್ಥಾನದ ಸರಣಿ ಓದಿದವರಿಗೆ ನನ್ನ ಚಾಳಿ ಗೊತ್ತೇ ಅದ. ಬರ್ರಿ.

ಭಾಗ 2/10: ಬಂಡಿ, ಔಡಲೆಣ್ಣೆ, ವಾಡಿ ಜಂಕ್ಷನ್

ಇಂಜಿನ್ ಬರೋ ಮೊದಲೂ ನಮ್ಮಲ್ಲಿ ಚಕ್ರ ಇದ್ದವು. ಬಂಡಿಯ ಅಚ್ಚಿಗೆ ಎಣ್ಣೆ ಬಿಡದಿದ್ದರೆ ಅದು ಊರಿಗೆಲ್ಲ ಕೇಳೋ ಹಂಗ ಕಿರುಗುಡ್ತಿತ್ತು, ಅಚ್ಚು ಸವೀತಿತ್ತು. ಅದಕ್ಕೆ ಹಾಕೋ ಎಣ್ಣೆಗೆ ಕನ್ನಡದಲ್ಲಿ ಚಂದದ ಹೆಸರು ಅದ: ಕೀಲೆಣ್ಣೆ. ಹೆಚ್ಚಾಗಿ ಅದು ಔಡಲೆಣ್ಣೆ. ದಪ್ಪ, ಜಿಗುಟು, ಬಿಸಿಲಿಗೆ ಬೇಗ ಹರಿದು ಹೋಗಲ್ಲ. ನಮ್ಮ ಭಾಗ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆ ಸಂಸ್ಥಾನ ಔಡಲ ಬೆಳೆಗೆ ಹೆಸರುವಾಸಿ.

ಆಮೇಲೆ ರೈಲು ಬಂತು. ಮುಂಬೈ ಕಡೆಯಿಂದ ಬಂದ ಜಿಐಪಿ ಕಂಪನಿಯ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಲ್ಲಿ ಕೂಡಿದವು. 1874ರಲ್ಲಿ ನಿಜಾಮರ ಹಳಿ ವಾಡಿಯಿಂದ ಸಿಕಂದರಾಬಾದ್‌ವರೆಗೆ ತೆರೆಯಿತು. ನಾವು ಇವತ್ತು ಕಾಲೇಜಿಗೆ ಹೋಗೋ ಟ್ರೇನ್ ಓಡೋದು ಅದೇ ದಾರಿಯಲ್ಲಿ: ವಾಡಿ, ಚಿತ್ತಾಪುರ, ಸೇಡಂ, ತಾಂಡೂರು.

ಉಗಿ ಇಂಜಿನ್ನಿಗೂ ಎಣ್ಣೆ ಬೇಕು. ಆ ಕಾಲದಲ್ಲಿ ಜಗತ್ತಿನ ಬಹಳ ಕಡೆ ಪ್ರಾಣಿಗಳ ಕೊಬ್ಬು ಮತ್ತು ಬೀಜದ ಎಣ್ಣೆಗಳನ್ನೇ ಇದಕ್ಕೆ ಬಳಸ್ತಿದ್ದರು. ಭಾರತದ ರೈಲ್ವೆಗಳಲ್ಲಿ ಔಡಲೆಣ್ಣೆ ಕೀಲೆಣ್ಣೆಯಾಗಿ ನಡೆದಿತ್ತು. ಅಂದರೆ ಬಂಡಿಯ ಅಚ್ಚಿಗೆ ಹಾಕ್ತಿದ್ದ ಎಣ್ಣೆಯೇ ರೈಲಿಗೂ ಬಂತು. ಮಷೀನು ಹೊಸದು, ಎಣ್ಣೆ ಹಳೇದು.

ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಮಾತು ತಲೆಕೆಳಗಾಗಿ ಬರ್ತದ: ಮಷೀನು ಹಳೇದು, ಎಣ್ಣೆ ಹೊಸದು. ನನ್ನ ಫರ್ಸಿ ಮೇಲಿನ ಕಲೆ ಅಲ್ಲಿಂದ ಬಂದದ್ದು.

ಭಾಗ 3/10: ಔಡಲ ಸೋತದ್ದು ಹೆಂಗ

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡ್ರೇಕ್ ಎಂಬಾತ ನೆಲ ಕೊರೆದು ಕಚ್ಚಾ ತೈಲ ತೆಗೆದ. ಕೆಲವೇ ವರ್ಷಗಳಲ್ಲಿ ಜಾನ್ ಎಲ್ಲಿಸ್ ಎಂಬ ಡಾಕ್ಟರ್ ಈ ಕಚ್ಚಾ ತೈಲದಿಂದ ಔಷಧಿ ಮಾಡಬಹುದೇ ಅಂತ ನೋಡಲು ಹೋದರು. ಔಷಧಿಯಾಗಿ ಅದು ಕೈ ಹಿಡಿಯಲಿಲ್ಲ. ಆದರೆ ಉಗಿ ಇಂಜಿನ್ನಿನ ವಾಲ್ವ್‌ಗಳಿಗೆ ಚಲೋ ಎಣ್ಣೆ ಅಂತ ಅವರಿಗೆ ಗೊತ್ತಾಯ್ತು. 1866ರಲ್ಲಿ ಕಂಪನಿ ಕಟ್ಟಿದರು. ವಾಲ್ವ್‌ನಿಂದ ವಾಲ್ವೊಲಿನ್ ಅಂತ ಹೆಸರು ಹುಟ್ಟಿತು. ಕೊಬ್ಬು ಬಿಸಿಗೆ ಕೆಟ್ಟು ಲೋಹ ತಿನ್ನುತ್ತಿತ್ತು, ಖನಿಜ ಎಣ್ಣೆಗೆ ಆ ಗುಣ ಕಡಿಮೆ. ನಮ್ಮ ದೇಶದಲ್ಲಿ ಅಸ್ಸಾಮಿನ ದಿಗ್ಬೋಯಿ ರಿಫೈನರಿ 1901ರಲ್ಲಿ ಶುರುವಾಯ್ತು.

ಆದರೂ ಔಡಲ ಸುಮ್ಮನೆ ಬಿಟ್ಟುಕೊಡಲಿಲ್ಲ. ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಲಂಡನ್ನಿನಲ್ಲಿ ಕಂಪನಿ ತೆಗೆದಿದ್ದರು. 1909ರಲ್ಲಿ ಕಾರು ಮತ್ತು ವಿಮಾನಗಳಿಗಾಗಿ ಖನಿಜ ಎಣ್ಣೆಗೆ ಔಡಲೆಣ್ಣೆ ಬೆರೆಸಿ ತಂದ ಮಾಲಿಗೆ ಇಟ್ಟ ಹೆಸರು ಕ್ಯಾಸ್ಟ್ರಾಲ್. ಔಡಲಕ್ಕೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಅಂತಾರಲ್ಲ, ಅದರಿಂದಲೇ. ನಮ್ಮ ಊರ ಪ್ರತಿ ಗ್ಯಾರೇಜಿನ ಬೋರ್ಡಿನಲ್ಲಿ ಇರೋ ಹೆಸರಿನೊಳಗೆ ನಮ್ಮ ಹೊಲದ ಔಡಲ ಕೂತದ!

ಮೊದಲ ಮಹಾಯುದ್ಧದ ರೋಟರಿ ಇಂಜಿನ್ ವಿಮಾನಗಳಿಗೆ ಔಡಲೆಣ್ಣೆಯೇ ಬೇಕಿತ್ತು, ಯಾಕಂದರೆ ಅದು ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗಲ್ಲ. ಉರಿಯದ ಎಣ್ಣೆ ಹೊರಗೆ ಹಾರಿ ಪೈಲಟ್‌ಗಳ ಬಾಯಿ ಮೂಗಿಗೆ ಹೋಗ್ತಿತ್ತು. ಔಡಲೆಣ್ಣೆ ಹೊಟ್ಟೆಗೆ ಹೋದರೆ ಏನಾಗ್ತದ ಅಂತ ನಿಮ್ಮ ಅಜ್ಜಿಯನ್ನು ಕೇಳ್ರಿ.

ಅದರ ದೊಡ್ಡ ದೋಷ ಅಂದರೆ ಬಿಸಿಯಾಗಿ ಬಿಸಿಯಾಗಿ ಅಂಟಾಗಿ ಗಟ್ಟಿಯಾಗೋದು. ಇಂಜಿನ್ ಬಿಚ್ಚಿ ಕೆರೆದು ತೆಗೀಬೇಕು. ರೇಸಿಗೆ, ಯುದ್ಧಕ್ಕೆ ಸರಿ. ದಿನಾ ಓಡೋ ಕಾರಿಗೆ ಅಗ್ಗದ ಖನಿಜ ಎಣ್ಣೆ ಗೆದ್ದಿತು.

ನೋಡ್ರಿ, ಆಗ ಔಡಲ 'ಪ್ರೀಮಿಯಂ', ಖನಿಜ ಎಣ್ಣೆ 'ಸಾದಾ'. ದುಬಾರಿಯದು ಎಲ್ಲಾ ಗಾಡಿಗೂ ಹೊಂದಲಿಲ್ಲ.

ಭಾಗ 4/10: ಡಬ್ಬಿ ಮೇಲಿನ ಅಂಕಿ ಎಲ್ಲಿಂದ ಬಂತು

ಮೊದಮೊದಲು ಎಣ್ಣೆ ಕೊಳ್ಳುವವರಿಗೆ 'ತೆಳು', 'ಮಧ್ಯಮ', 'ದಪ್ಪ' ಅಂತಷ್ಟೇ ಹೇಳ್ತಿದ್ದರು. ಒಬ್ಬ ಅಂಗಡಿಯವನ ದಪ್ಪ ಇನ್ನೊಬ್ಬನಿಗೆ ತೆಳು. ಅಮೆರಿಕದ ಆಟೊಮೊಬೈಲ್ ಎಂಜಿನಿಯರುಗಳ ಸಂಘ ಎಸ್‌ಎಇ 1911ರಲ್ಲಿ ಎಣ್ಣೆಯ ದಪ್ಪಕ್ಕೆ ಒಂದು ಅಳತೆ ತಂದಿತು. ಇವತ್ತು ಡಬ್ಬಿ ಮೇಲೆ ಎಸ್‌ಎಇ ಅಂತ ಕಾಣೋದು ಅದೇ.

ನಮ್ಮ ಕಡೆ ಮೋಟಾರು ದೊಡ್ಡದಾಗಿ ಬಂದದ್ದು 1932ರಲ್ಲಿ. ನಿಜಾಮ್ ಸಂಸ್ಥಾನದ ರೈಲ್ವೆ ಇಲಾಖೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ಆ ಕಾಲದ ಎಣ್ಣೆಯಲ್ಲಿ ಇಂಜಿನ್ ತೊಳೆಯೋ ಡಿಟರ್ಜೆಂಟ್ ಇರಲಿಲ್ಲ. ಮಸಿ, ಗಸಿ ಎಲ್ಲಾ ಒಳಗೇ ಕೂಡ್ತಿತ್ತು. ಆಗಾಗ ಹೆಡ್ ಬಿಚ್ಚಿ ಕಾರ್ಬನ್ ಕೆರೀಬೇಕಿತ್ತು.

1930-40ರ ದಶಕಗಳಲ್ಲಿ ಎಣ್ಣೆಗೆ ಡಿಟರ್ಜೆಂಟ್, ಸವೆತ ತಡೆಯೋ ರಾಸಾಯನಿಕ ಸೇರಿದವು. 1947ರಲ್ಲಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಎಣ್ಣೆಗಳನ್ನು ರೆಗ್ಯುಲರ್, ಪ್ರೀಮಿಯಂ, ಹೆವಿ ಡ್ಯೂಟಿ ಅಂತ ವಿಂಗಡಿಸಿತು. ಆಗ ಒಂದು ದೂರು ಎದ್ದಿತು. ಗಸಿ ತುಂಬಿದ ಹಳೆ ಇಂಜಿನ್ನಿಗೆ ಏಕಾಏಕಿ ಡಿಟರ್ಜೆಂಟ್ ಎಣ್ಣೆ ಹಾಕಿದರೆ ಗಸಿ ಕಿತ್ತು ಬಂದು ಎಣ್ಣೆ ದಾರಿಗೆ ಅಡ್ಡ ಕೂಡ್ತದ, ಲೀಕ್ ಶುರುವಾಗ್ತದ ಅಂತ. ಇದನ್ನು ಓದಿದಾಗ ನಾನು ಫೋನ್ ಕೆಳಗಿಟ್ಟು ಗೋಣಿಚೀಲದ ಕಡೆ ನೋಡಿದೆ.

1950ರ ದಶಕದಲ್ಲಿ ಮಲ್ಟಿಗ್ರೇಡ್ ಜನರ ಕೈಗೆ ಬಂತು. 20ಡಬ್ಲ್ಯೂ-40 ಅನ್ನೋದನ್ನು ಹಿಂಗ ಓದ್ರಿ. 'ಡಬ್ಲ್ಯೂ' ಅಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಹರೀತದ ಅಂತ ಹೇಳ್ತದ, ಅದು ಚಿಕ್ಕದಿದ್ದಷ್ಟೂ ಚಲೋ ಹರೀತದ. ಎರಡನೇ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳೀತದ ಅಂತ. 40 ಅಂದರೆ 30ಕ್ಕಿಂತ ದಪ್ಪ.

ಇನ್ನೊಂದು ಅಂಕಿ. 5ಡಬ್ಲ್ಯೂ ಎಣ್ಣೆಯನ್ನು ಸ್ಟಾರ್ಟಿಂಗ್‌ಗೆ ಪರೀಕ್ಷೆ ಮಾಡೋದು ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯೂ ಎಣ್ಣೆಯನ್ನು ಮೈನಸ್ 15ರಲ್ಲಿ. ಚಿತ್ತಾಪುರದಲ್ಲಿ!

ಭಾಗ 5/10: ಅಂಬಾಸಿಡರ್, ಪದ್ಮಿನಿ, 800

ಈಗ 'ಹಳೆ ಕಾರು' ಅಂದರೆ ನಮ್ಮ ಕಡೆ ಯಾವವು? ಮೂರು ಹೆಸರು.

ಅಂಬಾಸಿಡರ್. ಬ್ರಿಟಿಷ್ ಮಾರಿಸ್ ಆಕ್ಸ್‌ಫರ್ಡ್ ಕಾರಿನ ನಮೂನೆ. ಬಂಗಾಳದ ಉತ್ತರಪಾಡಾದಲ್ಲಿ 1957ರಿಂದ 2014ರವರೆಗೆ ತಯಾರಾಯ್ತು. ಬಹಳ ವರ್ಷ ಓಡಿದ್ದು 1,489 ಸಿಸಿ ಪೆಟ್ರೋಲ್ ಇಂಜಿನ್. ಎರಡನೆಯದು ಫಿಯೆಟ್. ಅದರ ಹೆಸರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಆಯ್ತು, 1,089 ಸಿಸಿ. ಮೂರನೆಯದು ನಮ್ಮ ಮಾರುತಿ 800. ಮೊದಲ ಗಾಡಿಯ ಕೀಲಿಕೈ ಕೊಟ್ಟದ್ದು 1983ರ ಡಿಸೆಂಬರ್ 14ರಂದು, ಕೊಟ್ಟವರು ಇಂದಿರಾ ಗಾಂಧಿ. 796 ಸಿಸಿ, ಮೂರು ಸಿಲಿಂಡರ್. 2014ರ ಜನವರಿಯಲ್ಲಿ ಉತ್ಪಾದನೆ ನಿಂತಿತು.

ಆಯಿಲ್ ಕಡೆ ನೋಡಿದರೆ, ಸ್ವಾತಂತ್ರ್ಯದ ನಂತರವೂ ಪಂಪುಗಳು ಬರ್ಮಾ ಶೆಲ್, ಎಸ್ಸೊ, ಕ್ಯಾಲ್ಟೆಕ್ಸ್‌ನಂಥ ವಿದೇಶಿ ಕಂಪನಿಗಳ ಕೈಯಲ್ಲಿದ್ದವು. ಇಂಡಿಯನ್ ಆಯಿಲ್ 1972ರಲ್ಲಿ ಸರ್ವೊ ಹೆಸರಿನ ಎಣ್ಣೆ ತಂದಿತು. 1974ರಲ್ಲಿ ಎಸ್ಸೊ, 1976ರಲ್ಲಿ ಬರ್ಮಾ ಶೆಲ್ ಸರ್ಕಾರದ ಕೈಗೆ ಬಂದು ಮುಂದೆ ಹಿಂದುಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಆದವು. 1990ರ ದಶಕದ ಮೊದಲ ಭಾಗದಲ್ಲಿ ಲೂಬ್ರಿಕೆಂಟ್ ವ್ಯಾಪಾರ ಮುಕ್ತವಾದ ಮೇಲೆ ವಿದೇಶಿ ಹೆಸರುಗಳು ಮತ್ತೆ ಅಂಗಡಿಗೆ ಬಂದವು.

ಅಂದರೆ ನಮ್ಮ ಅಪ್ಪಂದಿರ ವಯಸ್ಸಿನವರು ಗಾಡಿ ಕಲಿತ ಕಾಲದಲ್ಲಿ 'ಯಾವ ಆಯಿಲ್' ಅನ್ನೋ ಪ್ರಶ್ನೆಯೇ ಅಷ್ಟಾಗಿ ಇರಲಿಲ್ಲ. ಪಂಪಿನಲ್ಲಿ ಇದ್ದದ್ದು ಒಂದೆರಡು ಗ್ರೇಡ್. ಬಿಸಿಲಿನ ದೇಶ, ದಪ್ಪ ಎಣ್ಣೆ, ಬೇಗ ಬದಲಿ. ನನ್ನ ಅಪ್ಪನ 20ಡಬ್ಲ್ಯೂ-40 ಹಟ ಅಲ್ಲ, ರೂಢಿ. ಆ ರೂಢಿಗೆ ಕಾರಣ ಇತ್ತು.

ಭಾಗ 6/10: ಸಿಂಥೆಟಿಕ್ ಹುಟ್ಟಿದ್ದು ನಮಗಾಗಿ ಅಲ್ಲ

ಖನಿಜ ಎಣ್ಣೆ ಅಂದರೆ ಕಚ್ಚಾ ತೈಲವನ್ನು ಶುದ್ಧ ಮಾಡಿದ್ದು. ಅದರಲ್ಲಿ ಉದ್ದ, ಗಿಡ್ಡ, ವಕ್ರ, ಎಲ್ಲಾ ನಮೂನೆ ಅಣುಗಳು ಇರ್ತವ. ಸ್ವಲ್ಪ ಮೇಣವೂ ಇರ್ತದ. ಚಳಿಗೆ ಮೇಣ ಹೆಪ್ಪುಗಟ್ಟಿ ಎಣ್ಣೆ ಹರಿಯಲ್ಲ. ಕೊಬ್ಬರಿ ಎಣ್ಣೆ ಬಾಟಲಿ ಚಳಿಗಾಲದಲ್ಲಿ ಏನಾಗ್ತದ, ಹಂಗ. ಸಿಂಥೆಟಿಕ್ ಅಂದರೆ ಬೇಕಾದ ಅಣುಗಳನ್ನು ರಾಸಾಯನಿಕವಾಗಿ ಕಟ್ಟಿ, ಒಂದೇ ಅಳತೆಗೆ ತಂದ ಎಣ್ಣೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಕಚ್ಚಾ ತೈಲದ ಕೊರತೆ ಇತ್ತು, ರಷ್ಯಾದ ಚಳಿಯೂ ಎದುರಿತ್ತು. ಅಲ್ಲಿಯ ರಸಾಯನಶಾಸ್ತ್ರಜ್ಞ ಹರ್ಮನ್ ಜೋರ್ನ್ 'ಎಸ್ಟರ್' ಎಂಬ ವರ್ಗದ ಎಣ್ಣೆಗಳ ಮೇಲೆ ದೊಡ್ಡ ಕೆಲಸ ಮಾಡಿದರು. ಯುದ್ಧದ ನಂತರ ಜೆಟ್ ಇಂಜಿನ್ ಬಂತು. ಆಕಾಶದ ಹಿಮಚಳಿ, ಇಂಜಿನ್ನಿನ ಕೆಂಡ, ಎರಡನ್ನೂ ಖನಿಜ ಎಣ್ಣೆ ತಾಳಲಿಲ್ಲ. ಸಿಂಥೆಟಿಕ್ ಅಲ್ಲಿ ನೆಲೆ ನಿಂತಿತು.

ಕಾರಿಗೆ ಬಂದದ್ದು 1970ರ ದಶಕದಲ್ಲಿ. ಅಮೆರಿಕದ ವಾಯುಸೇನೆಯ ಜೆಟ್ ಪೈಲಟ್ ಆಲ್ ಅಮಟುಜಿಯೊ ಅವರ ಆಮ್ಸಾಯಿಲ್ 1972ರಲ್ಲಿ ಎಪಿಐ ಮಟ್ಟ ಮುಟ್ಟಿದ ಸಿಂಥೆಟಿಕ್ ಕಾರ್ ಎಣ್ಣೆ ತಂದಿತು. 1973ರಲ್ಲಿ ಅರಬ್ ದೇಶಗಳು ತೈಲ ತಡೆದವು, ಪೆಟ್ರೋಲ್ ಉಳಿತಾಯ ಎಲ್ಲರ ಚಿಂತೆ ಆಯ್ತು. 1974ರಲ್ಲಿ ಮೊಬಿಲ್ 1 ಅಮೆರಿಕದ ಮಾರುಕಟ್ಟೆಗೆ ಇಳಿಯಿತು. ತೆಳು ಎಣ್ಣೆ, ಕಡಿಮೆ ಘರ್ಷಣೆ, ಕಡಿಮೆ ಪೆಟ್ರೋಲ್.

ಆಗಲೇ ಹಳೆ ಕಾರಿನವರ ದೂರು ಬಂತು: ಲೀಕ್. ಇಂಜಿನ್ನಿನ ಸಂದುಗಳಲ್ಲಿ ಎಣ್ಣೆ ಹೊರಗೆ ಬರದಂಗ ತಡೆಯೋ ರಬ್ಬರ್ ಸೀಲ್ ಇರ್ತವ. ಖನಿಜ ಎಣ್ಣೆ ಅವನ್ನು ಸ್ವಲ್ಪ ಉಬ್ಬಿಸಿ ಇಡ್ತಿತ್ತು. ಆಗಿನ ಕೆಲವು ಸಿಂಥೆಟಿಕ್‌ಗಳಲ್ಲಿ ಸೀಲ್ ಕುಗ್ಗೋದು. ಕಂಪನಿಗಳು ಆಮೇಲೆ ಎಸ್ಟರ್ ಬೆರೆಸಿ ಇದನ್ನು ಸರಿ ಮಾಡಿದವು. ಆದರೆ 'ಸಿಂಥೆಟಿಕ್ ಹಾಕಿದರೆ ಸೀಲ್ ಹೋಗ್ತದ' ಅನ್ನೋ ಮಾತು ಐವತ್ತು ವರ್ಷ ಆದರೂ ಗ್ಯಾರೇಜುಗಳಲ್ಲಿ ಉಳಿದದ. ಒಂದು ಕಾಲಕ್ಕೆ ಅದು ನಿಜವೇ ಇತ್ತು.

ಭಾಗ 7/10: ಒಂದು ಪದಕ್ಕಾಗಿ ಜಗಳ

ಇದು ನಮ್ಮ ಕಾಮರ್ಸ್ ಮಂದಿಗೆ. ಮಾರ್ಕೆಟಿಂಗ್ ಪೇಪರ್‌ನಲ್ಲಿ ಉದಾಹರಣೆ ಬೇಕಾದರೆ ಬರೀರಿ.

ಎಣ್ಣೆಯ ಮೂಲ ಪದಾರ್ಥಕ್ಕೆ ಬೇಸ್ ಆಯಿಲ್ ಅಂತಾರ. ಎಪಿಐ ಅದನ್ನು ಐದು ಗುಂಪು ಮಾಡ್ಯದ. ಒಂದು, ಎರಡು, ಮೂರು ಕಚ್ಚಾ ತೈಲದಿಂದಲೇ ಬರ್ತವ. ಮೂರನೇ ಗುಂಪಿಗೆ ಬರುವಷ್ಟರಲ್ಲಿ ಹೈಡ್ರೋಜನ್ ಒತ್ತಡದಲ್ಲಿ ಅಣುಗಳನ್ನೇ ಒಡೆದು ಬೇರೆ ಆಕಾರಕ್ಕೆ ತಂದಿರ್ತಾರ. ನಾಲ್ಕನೇ ಗುಂಪು ರಾಸಾಯನಿಕವಾಗಿ ಕಟ್ಟಿದ ಪಿಎಒ. ಎಸ್ಟರ್ ಮುಂತಾದವು ಐದನೆಯದು.

1990ರ ದಶಕದ ಕೊನೆಗೆ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಜಗಳ ಹತ್ತಿತು. ಕ್ಯಾಸ್ಟ್ರಾಲ್ ತನ್ನ 'ಸಿಂಥೆಟಿಕ್' ಎಣ್ಣೆಗೆ ಮೂರನೇ ಗುಂಪಿನ ಬೇಸ್ ಬಳಸಿತ್ತು. ಮೊಬಿಲ್ ಹೇಳಿತು: ಇದು ಕಚ್ಚಾ ತೈಲದ್ದು, ಸಿಂಥೆಟಿಕ್ ಅನ್ನಬಾರದು. ಜಾಹೀರಾತು ವಿವಾದ ನೋಡೋ ಅಲ್ಲಿಯ ಸಂಸ್ಥೆ 1999ರಲ್ಲಿ ಕ್ಯಾಸ್ಟ್ರಾಲ್ ಪರ ಹೇಳಿತು. ಅಣುಗಳು ಅಷ್ಟು ಬದಲಾಗಿದ್ದರೆ ಸಿಂಥೆಟಿಕ್ ಅಂತ ಕರೆಯಬಹುದು ಅಂತ. ಮೂರನೇ ಗುಂಪು ತಯಾರಿಸೋದು ಅಗ್ಗ, ಆದ್ದರಿಂದ ಬೇರೆಯವರೂ ಆ ದಾರಿ ಹಿಡಿದರು.

ಹಂಗಂತ ಮೂರನೇ ಗುಂಪು ಕೆಟ್ಟದ್ದಲ್ಲ, ಚಲೋ ಎಣ್ಣೆಯೇ. ಆದರೆ ಡಬ್ಬಿ ಮೇಲೆ ಚಿನ್ನದ ಅಕ್ಷರದಲ್ಲಿ ಬರೆದ ಆ ಒಂದು ಪದ ಒಳಗೆ ಏನದ ಅಂತ ಪೂರ್ತಿ ಹೇಳಲ್ಲ. ನಾನು ₹2,150 ಕೊಟ್ಟದ್ದು ಆ ಪದಕ್ಕೆ. ಅದರ ಕೆಳಗೆ ಸಣ್ಣಕ್ಷರದಲ್ಲಿದ್ದ 5ಡಬ್ಲ್ಯೂ-30 ನನ್ನ ಇಂಜಿನ್ನಿಗೆ ಸಂಬಂಧಪಟ್ಟ ನಿಜವಾದ ಮಾಹಿತಿ. ಅದನ್ನು ನಾನು ಓದಲಿಲ್ಲ. ಬ್ಯಾಲೆನ್ಸ್ ಶೀಟ್ ನೋಡದೆ ಕಂಪನಿ ಹೆಸರು ನೋಡಿ ಶೇರು ತೊಗೊಂಡಂಗ.

ಭಾಗ 8/10: ಸತುವಿನ ಕಥೆ (ಅಂಬಾಸಿಡರ್ ಇದ್ದವರು ಬಿಡಬ್ಯಾಡ್ರಿ)

ಹೊಸ ಎಣ್ಣೆ ಅಂದರೆ ಎಲ್ಲದರಲ್ಲೂ ಮುಂದು ಅಂತ ನಾವು ತಿಳೀತೀವಿ. ಒಂದು ವಿಷಯದಲ್ಲಿ ಉಲ್ಟಾ ಆಯ್ತು.

1940ರ ದಶಕದಿಂದ ಎಣ್ಣೆಗೆ ಸತು ಮತ್ತು ರಂಜಕ ಇರೋ ಒಂದು ರಾಸಾಯನಿಕ ಬೆರೆಸ್ತಾರ. ಚಿಕ್ಕ ಹೆಸರು ಜೆಡ್‌ಡಿಡಿಪಿ. ಲೋಹ ಲೋಹಕ್ಕೆ ಉಜ್ಜುವ ಜಾಗದಲ್ಲಿ ಅದು ತೆಳು ಪದರ ಕಟ್ಟಿ ಸವೆತ ತಡೀತದ. ಅಂಬಾಸಿಡರ್, ಪದ್ಮಿನಿಗಳ ಹಳೆ ಇಂಜಿನ್ನಿನಲ್ಲಿ ಕ್ಯಾಮ್ ಚಪ್ಪಟೆ ಟ್ಯಾಪೆಟ್ ಮೇಲೆ ಜಾರ್ತದ, ಉರುಳಲ್ಲ. ಅಂಥ ಇಂಜಿನ್ನಿಗೆ ಈ ಪದರ ಬಹಳ ಬೇಕು. 800ರ ಇಂಜಿನ್ನಿನಲ್ಲೂ ಕ್ಯಾಮ್ ಮೇಲೆ ರಾಕರ್ ಜಾರ್ತದ.

ಆಮೇಲೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಭಾರತದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯ, ಜೊತೆಗೆ ಸೀಸವಿಲ್ಲದ ಪೆಟ್ರೋಲ್. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಎಣ್ಣೆ ಸ್ವಲ್ಪ ಸ್ವಲ್ಪ ಸುಟ್ಟಾಗ ಅದರ ರಂಜಕ ಕನ್ವರ್ಟರನ್ನು ಕೆಡಿಸ್ತದ. ಹಂಗಾಗಿ 2004ರಲ್ಲಿ ಬಂದ ಎಪಿಐ ಎಸ್‌ಎಂ ಮಟ್ಟದಲ್ಲಿ 5ಡಬ್ಲ್ಯೂ-30ನಂಥ ತೆಳು ಗ್ರೇಡುಗಳಿಗೆ ರಂಜಕದ ಮಿತಿಯನ್ನು ಶೇ. 0.08ಕ್ಕೆ ಇಳಿಸಿದರು. 15ಡಬ್ಲ್ಯೂ-40, 20ಡಬ್ಲ್ಯೂ-50ನಂಥ ದಪ್ಪ ಗ್ರೇಡುಗಳಿಗೆ ಆ ಮಿತಿ ಹಾಕಲಿಲ್ಲ.

ಇದು ತಪ್ಪಲ್ಲ. ನಾವು ಉಸಿರಾಡೋ ಗಾಳಿಗಾಗಿ ಮಾಡಿದ್ದು. 2020ರಲ್ಲಿ ಬಿಎಸ್-6 ಬಂದ ಮೇಲಿನ ಕಾರುಗಳು 0ಡಬ್ಲ್ಯೂ-20ನಂಥ ನೀರಿನಂಗ ತೆಳು ಎಣ್ಣೆ ಕೇಳ್ತವ. ಅವುಗಳ ಒಳಗಿನ ಸಂದುಗಳೇ ಅದಕ್ಕೆ ತಕ್ಕಂಗ ಬಿಗಿ ಇರ್ತವ. ಆ ಕಾರಿಗೆ ಅಪ್ಪನ 20ಡಬ್ಲ್ಯೂ-40 ಹಾಕೋದೂ ತಪ್ಪೇ.

ಪ್ರತಿ ಎಣ್ಣೆ ತನ್ನ ಕಾಲದ ಇಂಜಿನ್ನಿಗಾಗಿ ಹುಟ್ಟಿದ್ದು. ಈ ಹತ್ತು ಭಾಗದಲ್ಲಿ ನಾನು ಹೇಳಬೇಕಾದ್ದು ಇಷ್ಟೇ ಅದ.

ಭಾಗ 9/10: ಉಸ್ತಾದ್ ಹೇಳಿದ್ದು

ದಂಡೋತಿ ಹತ್ತಿರ ಅವತ್ತು ಬೈಕಿನವರೊಬ್ಬರು ಆಯಿಲ್ ತಂದುಕೊಟ್ಟರು. ಅದನ್ನು ಹಾಕಿ ಮೆಲ್ಲಗೆ ಚಿತ್ತಾಪುರಕ್ಕೆ ಬಂದು ಸೀದಾ ಗ್ಯಾರೇಜಿಗೆ ಹೋದೆವು. ಅಪ್ಪನಿಗೆ ಏನೂ ಗೊತ್ತಿಲ್ಲ. "ಭಾಯಿ, ಹೋದ ಸಲ ನೀವು ಡ್ರೈನ್ ಬೋಲ್ಟ್ ಸರಿ ಬಿಗಿ ಮಾಡಿಲ್ಲ ಕಾಣಸ್ತದ" ಅಂದರು. ಉಸ್ತಾದ್ ಸುಮ್ಮನೆ ಗಾಡಿ ಕೆಳಗೆ ಹೋದರು. ಅವರ ಮೇಲೆ ಆಪಾದನೆ ಹೋಗೋದನ್ನು ನಾನು ಪಕ್ಕದಲ್ಲೇ ನಿಂತು ಕೇಳ್ತಿದ್ದೆ.

ಅವರು ಹೊರಗೆ ಬಂದು ಬೆರಳಿನಲ್ಲಿದ್ದ ಎಣ್ಣೆ ಉಜ್ಜಿ ನೋಡಿ ನನ್ನ ಮುಖ ನೋಡಿದರು. "ಬೇಟಾ, ಇದು ನಾ ಹಾಕಿದ ಆಯಿಲ್ ಅಲ್ಲ."

ಎಲ್ಲಾ ಹೇಳಿದೆ. ಗೋಣಿಚೀಲದ ತನಕ.

ಟ್ಯಾಪೆಟ್ ಕವರ್ ತೆಗೆದು ತೋರಿಸಿದರು. ಒಂದು ಕಡೆ ವರ್ಷಗಟ್ಟಲೆಯ ಗಸಿ, ಇನ್ನೊಂದು ಕಡೆ ಹೊಸ ಎಣ್ಣೆ ತೊಳೆದು ಬೆಳ್ಳಗೆ ಮಾಡಿದ ಲೋಹ. ಕವರಿನ ಪ್ಯಾಕಿಂಗ್ ಮತ್ತು ಕ್ರ್ಯಾಂಕಿನ ಮುಂದಿನ ಸೀಲ್ ಬಿಸಿ ತಿಂದು ತಿಂದು ಪ್ಲಾಸ್ಟಿಕ್ಕಿನಂಗ ಗಟ್ಟಿಯಾಗಿ ಬಿರುಕು ಬಿಟ್ಟಿದ್ದವು. ಇಷ್ಟು ದಿನ ಆ ಬಿರುಕಿಗೆ ಗಸಿಯೇ ಬೆಣೆ. ಹೊಸ ಎಣ್ಣೆ ಗಸಿ ತೊಳೀತು. ಬಿಸಿಯಲ್ಲಿ 40ರಷ್ಟು ದಪ್ಪ ಇಲ್ಲದ 30 ಸಲೀಸಾಗಿ ಹೊರಗೆ ಬಂತು.

"ಆಯಿಲ್ ತೂತು ಮಾಡಿಲ್ಲ ಬೇಟಾ, ತೂತು ತೋರಿಸ್ಯದ. ಆದ್ರ ನೀ ನೋಡಿ ಮುಚ್ಚಿಟ್ಟಿ. ಇನ್ನ ಎರಡು ಮಿನಿಟ್ ಓಡ್ಸಿದ್ರ ಬೇರಿಂಗ್ ಹೋಗ್ತಿತ್ತು. ಇಂಜಿನ್ ಉಳಿಸಿದ್ದು ನಿಮ್ಮ ಅಪ್ಪನ ಕೈ."

ಅಪ್ಪ ಉಸ್ತಾದರ ಕಡೆ ತಿರುಗಿ "ತಪ್ಪಾಯ್ತು ಭಾಯಿ" ಅಂದರು. ನನಗೆ ಬೈಲಿಲ್ಲ. ಬೈದಿದ್ದರೆ ಚಲೋ ಇತ್ತು.

ಸೀಲ್, ಪ್ಯಾಕಿಂಗ್, ಟೈಮಿಂಗ್ ಬೆಲ್ಟ್, ಕೂಲಿ ಸೇರಿ ₹3,400. ನನ್ನ ಎರಡನೇ ತಿಂಗಳ ಸಂಬಳ ಅಲ್ಲೇ ಮುಗೀತು.

ಭಾಗ 10/10: ಹಂಗಾದರೆ ಯಾವುದು ಹಾಕಬೇಕು?

ಸೀಲ್ ಹೊಸದಾದ ಮೇಲೆ ಸಿಂಥೆಟಿಕ್‌ಗೆ ಹೆದರೋ ಕಾರಣ ಉಳೀಲಿಲ್ಲ. ಸರಿಯಾದ ದಪ್ಪದ್ದು ಹಾಕಬಹುದಿತ್ತು. ಆದರೂ ನಾವು ಸಾದಾ 20ಡಬ್ಲ್ಯೂ-40ಗೇ ವಾಪಸ್ ಹೋದೆವು. ಕಾರಣ ಲೆಕ್ಕ.

ನಮ್ಮ ಗಾಡಿ ವರ್ಷಕ್ಕೆ ಓಡೋದು ಹೆಚ್ಚೆಂದರೆ 3,000 ಕಿ.ಮೀ. ಓಡಲಿ ಬಿಡಲಿ, ಎಣ್ಣೆ ವರ್ಷಕ್ಕೊಮ್ಮೆ ಬದಲಿಸಬೇಕು, ಯಾಕಂದರೆ ಇಂಜಿನ್ನಿನೊಳಗಿನ ತೇವ, ಪೆಟ್ರೋಲ್ ಅಂಶ ಅದನ್ನು ಕೆಡಿಸ್ತವ. ಫಿಲ್ಟರ್, ಕೂಲಿ ₹250 ಹಿಡಿದರೆ ಸಾದಾ ₹1,300, ಸಿಂಥೆಟಿಕ್ ₹2,400. ಹೆಚ್ಚಿನ ₹1,100 ಕೊಟ್ಟು ನಾವು ಕೊಳ್ಳೋದು ದೀರ್ಘ ಬಾಳಿಕೆ, ಅದನ್ನು ಬಳಸೋದೇ ಇಲ್ಲ. ಮೇಲೆ ವಾಡಿ, ಶಹಾಬಾದ್, ಸೇಡಂ ಕಡೆಯ ಸಿಮೆಂಟು, ಕಲ್ಲಿನ ಧೂಳು. ಧೂಳಿಗೆ ಉತ್ತರ ದುಬಾರಿ ಎಣ್ಣೆ ಅಲ್ಲ, ಏರ್ ಫಿಲ್ಟರ್ ಮತ್ತು ಹೊತ್ತಿಗೆ ಸರಿಯಾಗಿ ಬದಲಿ.

ಆದರೆ ನಿಮ್ಮ ಗಾಡಿ ವರ್ಷಕ್ಕೆ 15,000 ಕಿ.ಮೀ. ಓಡಿದರೆ? ಸಾದಾ ಎಣ್ಣೆ 5,000ಕ್ಕೊಮ್ಮೆ, ಅಂದರೆ ಮೂರು ಸಲ, ₹3,900. ಸಿಂಥೆಟಿಕ್ 10,000ಕ್ಕೊಮ್ಮೆ, ವರ್ಷಕ್ಕೆ ಸರಾಸರಿ ಒಂದೂವರೆ ಸಲ, ₹3,600. ಸಿಂಥೆಟಿಕ್ಕೇ ಅಗ್ಗ! ಒಂದೇ ಎಣ್ಣೆ, ಒಬ್ಬರಿಗೆ ದಂಡ, ಇನ್ನೊಬ್ಬರಿಗೆ ಉಳಿತಾಯ. (ನಾನು ಕೊಟ್ಟ ರೇಟಿನ ಲೆಕ್ಕ ಇದು. ನಿಮ್ಮ ಅಂಗಡಿ ರೇಟ್ ಹಾಕಿ ನೋಡ್ರಿ.)

ಸೇವ್ ಮಾಡ್ಕೊಳ್ರಿ:
1. ಮೊದಲು ಮ್ಯಾನುವಲ್‌ನಲ್ಲಿರೋ ಗ್ರೇಡ್ ನೋಡ್ರಿ, ಆಮೇಲೆ ಸಿಂಥೆಟಿಕ್ಕೋ ಸಾದಾನೋ ಅನ್ನೋ ಮಾತು.
2. ಹಳೆ ಗಾಡಿಗೆ ಎಣ್ಣೆ ಬದಲಿಸೋ ಮುಂಚೆ ಸೀಲ್, ಪ್ಯಾಕಿಂಗ್ ತೋರಿಸ್ರಿ.
3. ಬದಲಿಸಿದ ಮೇಲೆ ಮೊದಲ ತಿಂಗಳು ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡ್ರಿ.
4. ಕೆಂಪು ದೀಪ ಹತ್ತಿದರೆ ಇಂಜಿನ್ ಆಫ್. 'ಮನೆ ಹತ್ತಿರನೇ ಅದ' ಅನ್ನಬ್ಯಾಡ್ರಿ.
5. ಕಲೆ ಕಂಡರೆ ಗೋಣಿಚೀಲ ಹಾಸಬ್ಯಾಡ್ರಿ. ಹೇಳ್ರಿ.

ಆಯಿಯ ಆಪರೇಷನ್ ಚಲೋ ಆಯ್ತು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದರು, 800ರಲ್ಲೇ. ಇಳಿದು ಅಂಗಳ ನೋಡಿ ಕೇಳಿದ ಮೊದಲ ಮಾತು: "ತಮ್ಮಾ, ಫರ್ಸಿ ಮ್ಯಾಲ ಅದೇನದು ಕರ್ರಗ?"

ನಿಮ್ಮ ಮನೆಯ ಹಳೆ ಗಾಡಿ ಯಾವುದು, ಯಾವ ಆಯಿಲ್ ಹಾಕ್ತೀರಿ? ಅಪ್ಪನ್ನ ಕೇಳಿ ಕಾಮೆಂಟ್‌ನಲ್ಲಿ ಹಾಕ್ರಿ. ಯಾಕೆ ಅಂತಲೂ ಕೇಳ್ರಿ.

#ಚಿತ್ತಾಪುರ #ನಮ್ಮಕಲಬುರಗಿ #ಮಾರುತಿ800 #ಇಂಜಿನ್‌ಆಯಿಲ್ #ಇತಿಹಾಸದಸರಣಿ